ಗ್ರಿಡ್ ಬಿಟ್ಟು ಬದುಕುವವರಿಗೆ ಇಡುಗಂಟು ಚಿಕ್ಕದಿದ್ದರೆ ಸಾಕೇ?

ಪ್ರಶ್ನೆ: ದುಡಿಮೆಗಾರ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ನಲವತ್ತರ ಆಸುಪಾಸಿನವರು. ಇಬ್ಬರೂ ಸಂಬಳದ ಕೆಲಸದಲ್ಲಿದ್ದೇವೆ, ಮಕ್ಕಳಿಲ್ಲ. ಈವರೆಗಿನ ಉಳಿತಾಯವೆಲ್ಲ ಹಳೆಯ ಸಾಲಗಳನ್ನು ತೀರಿಸುವುದಕ್ಕೇ ಹೋಗಿದ್ದು, ಈಗ ಸಾಲ ಮುಗಿದಿರುವುದರಿಂದ ಆದಾಯದ ಅರ್ಧದಷ್ಟನ್ನು ಉಳಿಸಲು ಸಾಧ್ಯವಾಗುತ್ತಿದೆ. ಸಂಬಳವನ್ನು ನೆಚ್ಚಿಕೊಳ್ಳದೆ ಬದುಕುವಂತಾಗಬೇಕು, ಆ ಬದುಕು ಒಂದು ತುಂಡು ಜಮೀನಿನಲ್ಲಿ, ಗ್ರಿಡ್ಡಿನ (ಸಾರ್ವಜನಿಕ ವಿದ್ಯುತ್ ಜಾಲದ) ಸಂಪರ್ಕವಿಲ್ಲದೆ, ಸ್ವಂತ ವಿದ್ಯುತ್ತು, ಸ್ವಂತ ನೀರು ಮತ್ತು ಸಾಧ್ಯವಾದಷ್ಟು ಸ್ವಂತ ಬೆಳೆಯ ಮೇಲೆ ನಡೆಯಬೇಕು ಎಂಬುದು ನಮ್ಮಿಬ್ಬರ ಬಹುಕಾಲದ ಆಸೆ.

ಲೆಕ್ಕ ಸುಲಭವಾಗಲೆಂದು ನಮ್ಮ ಈಗಿನ ವಾರ್ಷಿಕ ಖರ್ಚನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ಉಳಿತಾಯವೂ ವರ್ಷಕ್ಕೆ 100. ಖರ್ಚಿನ 25 ಪಟ್ಟು ಇಡುಗಂಟು ಇರಬೇಕೆಂಬ ಪ್ರಸಿದ್ಧ ಸೂತ್ರದ ಪ್ರಕಾರ ನಮಗೆ 2500 ಬೇಕು. ಹಣದುಬ್ಬರವನ್ನು ಕಳೆದು ಶೇ 5ರಷ್ಟು ಪ್ರತಿಫಲ ಸಿಗುತ್ತದೆಂದು ಭಾವಿಸಿದರೆ ಅಲ್ಲಿಗೆ ಮುಟ್ಟಲು ಹದಿನಾರೂವರೆ ವರ್ಷ ಹಿಡಿಯುತ್ತದೆ. ಆದರೆ ಬಾಡಿಗೆ, ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಹಾಗೂ ತರಕಾರಿಯ ಖರ್ಚು ಇಲ್ಲದ ಬದುಕಿಗೆ ವರ್ಷಕ್ಕೆ 40 ಸಾಕೆಂಬುದು ನಮ್ಮ ಅಂದಾಜು. ಹಾಗಿದ್ದರೆ 1000 ಕೂಡಿಟ್ಟರಾಯಿತು, ಎಂಟು ವರ್ಷ ಕಳೆದು ಸ್ವಲ್ಪದರಲ್ಲಿ ಕೆಲಸ ಬಿಡಬಹುದು. ಜಮೀನು, ಸಣ್ಣ ಮನೆ, ಸೋಲಾರ್ ಮತ್ತು ನೀರಿನ ವ್ಯವಸ್ಥೆಗಳಿಗೆ ಒಟ್ಟು 400 ಬೇಕಾಗಬಹುದು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಈ ದಾರಿಯಲ್ಲಿ ನಡೆದವರು ಈ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಮೊದಲು ಹಣವೋ, ಮೊದಲು ಜಮೀನೋ ಎಂಬುದರಲ್ಲೂ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ.

ಉತ್ತರ: ಚಕ್ರಬಡ್ಡಿ

ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ನನ್ನ ಅನುಮಾನವಿರುವುದು ಗುಣಿಸಲು ತೆಗೆದುಕೊಂಡ 40ರ ಮೇಲೆ, ಮತ್ತು ಸ್ವಲ್ಪಮಟ್ಟಿಗೆ 25ರ ಮೇಲೂ.

ಮೊದಲು 25ರ ವಿಚಾರ. ಈ ಸೂತ್ರದ ಮೂಲವಿರುವುದು ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ. ಅವರು ಅಮೆರಿಕದ ಷೇರು ಮತ್ತು ಸಾಲಪತ್ರಗಳ ಹಿಂದಿನ ದಶಕಗಳ ಪ್ರತಿಫಲವನ್ನು ಹಿಡಿದು, ಮೊದಲ ವರ್ಷ ಇಡುಗಂಟಿನ ಶೇ 4ರಷ್ಟನ್ನು, ಅಂದರೆ 25ರಲ್ಲೊಂದು ಭಾಗವನ್ನು, ತೆಗೆದು ಮುಂದೆ ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕಂತೆ ಆ ಮೊತ್ತವನ್ನು ಏರಿಸುತ್ತ ಹೋದರೆ ಗಂಟು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ನೋಡಿದರು. ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1998ರಲ್ಲಿ ಇದೇ ದಾರಿಯಲ್ಲಿ ಇನ್ನೊಂದು ಅಧ್ಯಯನ ಮಾಡಿದ ಮೇಲೆ ಅದು ಸೂತ್ರದ ಪಟ್ಟಕ್ಕೇರಿತು. ಆದರೆ ಎರಡೂ ಕಡೆ ಕಣ್ಣಮುಂದಿದ್ದುದು ಮುಖ್ಯವಾಗಿ ಮೂವತ್ತು ವರ್ಷಗಳ ನಿವೃತ್ತಿ, ಅದೂ ಒಂದು ದೇಶದ ಮಾರುಕಟ್ಟೆಯ ಚರಿತ್ರೆಯಲ್ಲಿ. ಐವತ್ತಕ್ಕೂ ಮೊದಲೇ ಕೆಲಸ ಬಿಡುವವರಿಗೆ ಗಂಟು ನಲವತ್ತು, ಐವತ್ತು ವರ್ಷ ಬರಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಗೆ ಬೆಂಗೆನ್ ಅವರು ಕೊಟ್ಟದ್ದು ಮೂವತ್ತು ವರ್ಷಗಳ ಉತ್ತರ ಮಾತ್ರ. ಆದ್ದರಿಂದ ನಾನು ನಿಮ್ಮಂಥವರಿಗೆ ಶೇ 3.5ನ್ನು ಹಿಡಿಯುತ್ತೇನೆ.

ಇನ್ನು 40ರ ವಿಚಾರ. ಗ್ರಿಡ್ ಬಿಟ್ಟ ಮನೆಯಲ್ಲಿ ವಿದ್ಯುತ್ ಬಿಲ್ಲು ಬರುವುದಿಲ್ಲ ಎಂಬುದು ನಿಜ. ಆದರೆ ಅಲ್ಲಿ ವಿದ್ಯುತ್ ಪುಕ್ಕಟೆಯಾಗುವುದಿಲ್ಲ. ಹತ್ತು ವರ್ಷಗಳ ಬಿಲ್ಲನ್ನು ನೀವು ಮುಂಗಡವಾಗಿ ಕಟ್ಟಿರುತ್ತೀರಿ, ಹತ್ತು ವರ್ಷವಾದ ಮೇಲೆ ಮತ್ತೆ ಕಟ್ಟುತ್ತೀರಿ. ನಿಮ್ಮ 400ರಲ್ಲಿ ಬ್ಯಾಟರಿಯ ಪಾಲು 40 ಎಂದೂ ಅದು ಹತ್ತು ವರ್ಷ ಬಾಳುತ್ತದೆಂದೂ ಇಟ್ಟುಕೊಂಡರೆ ವರ್ಷಕ್ಕೆ 4 ಸವಕಳಿ. ಇನ್ವರ್ಟರ್, ಬ್ಯಾಟರಿಯ ಚಾರ್ಜನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್‌ಗಳಿಗೆ 2, ಪ್ಯಾನಲ್‌ಗಳಿಗೆ 1, ಪಂಪು, ಟ್ಯಾಂಕು, ಪೈಪುಗಳಿಗೆ 3, ಮನೆಯ ರಿಪೇರಿಗೆ 4. ದೂರದ ಜಾಗದಲ್ಲಿ ವಾಹನವಿಲ್ಲದೆ ನಡೆಯುವುದಿಲ್ಲವಾದ್ದರಿಂದ ಅದರ ಇಂಧನ, ಸರ್ವಿಸು ಮತ್ತು ಸವಕಳಿಗೆ ಕನಿಷ್ಠ 6. ಇವೆಲ್ಲ ಸೇರಿ 20 ಆಯಿತು, ನಿಮ್ಮ 40 ಎಂಬುದು 60 ಆಯಿತು. ಪಾಲುಗಳನ್ನು ನಿಮ್ಮ ನಿಜವಾದ ಅಂದಾಜುಪಟ್ಟಿಗೆ ತಕ್ಕಂತೆ ತಿದ್ದಿಕೊಳ್ಳಿ, ಆದರೆ ಯಾವ ಸಾಲನ್ನೂ ಸೊನ್ನೆ ಮಾಡಬೇಡಿ.

ಈಗ ವಾರ್ಷಿಕ 60ನ್ನು ಶೇ 3.5ರ ಅಳತೆಯಲ್ಲಿ ನೋಡಿದರೆ ಸುಮಾರು 1714 ಬೇಕು. ನೀವು ಹೊರಗಿಟ್ಟಿರುವ 400ನ್ನು ಸೇರಿಸಿದರೆ 2114. ವರ್ಷಕ್ಕೆ 100 ಉಳಿಸುತ್ತ, ನೀವೇ ಹಿಡಿದ ಶೇ 5ರ ಪ್ರತಿಫಲದಲ್ಲಿ ಅಲ್ಲಿಗೆ ತಲುಪಲು ಸುಮಾರು ಹದಿನೈದು ವರ್ಷ ಬೇಕಾಗುತ್ತದೆ. ಜಮೀನನ್ನು ಮೊದಲೇ ಕೊಂಡರೆ ಆ ಹಣ ಅಷ್ಟು ವರ್ಷ ದುಡಿಯದೆ ಇರುವುದರಿಂದ ಇನ್ನೂ ಸ್ವಲ್ಪ ತಡವಾಗುತ್ತದೆ. ಇರುವಲ್ಲೇ ಇದ್ದು ಈಗಿನ ಖರ್ಚಿನಲ್ಲೇ ಬದುಕುವುದಾದರೆ ಅದೇ ಶೇ 3.5ರ ಅಳತೆಯಲ್ಲಿ ಹದಿನೆಂಟು ವರ್ಷ. ಅಂದರೆ ಗ್ರಿಡ್ ಬಿಡುವುದರಿಂದ ನಿಮಗೆ ಸಿಗುವ ಲಾಭ ಸುಮಾರು ಮೂರು ವರ್ಷ; ಎಂಟಲ್ಲ.

ಇದಕ್ಕೆ ಹೋಲಿಸಿ ಇನ್ನೊಂದು ಲೆಕ್ಕ ನೋಡಿ. ಕೆಲಸ ಬಿಟ್ಟ ಮೇಲೂ ಇಬ್ಬರೂ ಸೇರಿ ವರ್ಷಕ್ಕೆ 20 ಮಾತ್ರ, ಅಂದರೆ ಈಗಿನ ಆದಾಯದ ಹತ್ತರಲ್ಲೊಂದು ಭಾಗವನ್ನು, ಯಾವುದಾದರೂ ಬಿಡಿ ಕೆಲಸದಿಂದ ದುಡಿಯುತ್ತೀರಿ ಎನ್ನೋಣ. ಬೇಕಾದ ಇಡುಗಂಟಿನಲ್ಲಿ 571 ಕಡಿಮೆಯಾಗುತ್ತದೆ, ಹದಿನೈದು ವರ್ಷ ಹನ್ನೆರಡಕ್ಕೆ ಇಳಿಯುತ್ತದೆ. ಒಂದು ಇಡೀ ಜಮೀನು, ಮನೆ ಮತ್ತು ವಿದ್ಯುತ್ ವ್ಯವಸ್ಥೆ ಉಳಿಸಿಕೊಡುವಷ್ಟೇ ಕಾಲವನ್ನು ಈ ಸಣ್ಣ ದುಡಿಮೆಯೂ ಉಳಿಸಿಕೊಡುತ್ತದೆ. ಆದ ಕಾರಣ ಬೇಗ ಬಿಡುಗಡೆಯಾಗುವ ಉಪಾಯವೆಂದು ಗ್ರಿಡ್ ಬಿಡಬೇಡಿ. ಆ ಬದುಕು ಇಷ್ಟವಾಗಿದ್ದರೆ, ಇಷ್ಟವಾಗಿದೆ ಎಂಬ ಒಂದೇ ಕಾರಣಕ್ಕೆ ಬಿಡಿ. ಅದು ಸಾಕಷ್ಟು ಒಳ್ಳೆಯ ಕಾರಣ.

ಮೊದಲ ಕೆಲವು ವರ್ಷಗಳ ಅಪಾಯವನ್ನೂ ಹೇಳಿಬಿಡುತ್ತೇನೆ. 1000 ಇಟ್ಟುಕೊಂಡು ಕೆಲಸ ಬಿಟ್ಟವರು ಮೊದಲ ವರ್ಷ 40 ತೆಗೆದ ಮೇಲೆ ಮಾರುಕಟ್ಟೆ ಶೇ 30 ಕುಸಿದರೆ ಉಳಿಯುವುದು 672. ಮರುವರ್ಷವೂ 40 ಬೇಕಾದರೆ ಅದು ಶೇ 4 ಆಗಿರುವುದಿಲ್ಲ, ಶೇ 6 ಆಗಿರುತ್ತದೆ. ಇದೇ ಕುಸಿತ ಹದಿನೈದನೆಯ ವರ್ಷದಲ್ಲಿ ಬಂದರೆ ಅಷ್ಟು ನೋವಾಗುವುದಿಲ್ಲ. ಎರಡು ಮೂರು ವರ್ಷದ ಖರ್ಚನ್ನು ಏರಿಳಿತವಿಲ್ಲದ ಕಡೆ ಬೇರೆಯಾಗಿ ಇಡುವವರು ಇದೇ ಭಯದಿಂದ ಇಡುತ್ತಾರೆ. ಜಮೀನು ಆ ಕೆಲಸಕ್ಕೆ ಬರುವುದಿಲ್ಲ. ಕಷ್ಟ ಬಂದ ತಿಂಗಳಿನಲ್ಲಿ ಅದರ ಒಂದು ಮೂಲೆಯನ್ನು ಮಾರಿ ಆಸ್ಪತ್ರೆಯ ಖರ್ಚು ಕೊಡಲಾಗದು. ಅಂದಹಾಗೆ, ನಿಮ್ಮ 40ರಲ್ಲಿ ಆರೋಗ್ಯವಿಮೆ ಇದೆಯೇ?

ಉತ್ತರ: ವ್ಯಾಟ್‌ಲೆಕ್ಕ

ಹಣದ ವಿಚಾರವನ್ನು ಮೇಲಿನವರು ಹೇಳಿದ್ದಾರೆ. ನಾನು ಗ್ರಿಡ್ಡಿಲ್ಲದ ಮನೆಯಲ್ಲಿ ಇರುವವನಾದ್ದರಿಂದ ವಿದ್ಯುತ್ತಿನ ವಿಚಾರವನ್ನಷ್ಟೇ ಹೇಳುತ್ತೇನೆ.

ಎಷ್ಟು ಕಿಲೋವ್ಯಾಟ್ ಪ್ಯಾನಲ್ ಹಾಕಬೇಕು ಎಂಬ ಪ್ರಶ್ನೆಯಿಂದ ಶುರುಮಾಡಿದವರೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾರೆ. ಶುರುವಾಗಬೇಕಾದದ್ದು ದಿನಕ್ಕೆ ಎಷ್ಟು ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್) ಬೇಕು ಎಂಬಲ್ಲಿಂದ. ಒಂದು ಮಿತವ್ಯಯದ ಮನೆಯನ್ನು ತೆಗೆದುಕೊಳ್ಳಿ: 9 ವ್ಯಾಟಿನ ಎಂಟು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 0.36 ಯೂನಿಟ್, 30 ವ್ಯಾಟಿನ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಮೂರು ಬಿಎಲ್‌ಡಿಸಿ ಫ್ಯಾನುಗಳು ಹನ್ನೆರಡು ಗಂಟೆ ತಿರುಗಿದರೆ 1.08, ಫ್ರಿಜ್ಜು ಸುಮಾರು 1, ಲ್ಯಾಪ್‌ಟಾಪು 0.3; ಒಂದು ಅಶ್ವಶಕ್ತಿಯ ಪಂಪು ಅರ್ಧ ಗಂಟೆ ನಡೆದರೆ 0.37. ಇದರ ಜೊತೆಗೆ ಯಾರೂ ಪಟ್ಟಿಯಲ್ಲಿ ಬರೆಯದ ಒಂದು ಬಾಬತ್ತಿದೆ: ಇನ್ವರ್ಟರ್ ತಾನು ಎಚ್ಚರವಾಗಿರಲು ತಿನ್ನುವ ವಿದ್ಯುತ್ತು. ಅದು 40 ವ್ಯಾಟ್ ಆದರೆ ಇಪ್ಪತ್ನಾಲ್ಕು ಗಂಟೆಗೆ 0.96 ಯೂನಿಟ್, ಅಂದರೆ ಇನ್ನೊಂದು ಫ್ರಿಜ್ಜು. ದೊಡ್ಡ ಇನ್ವರ್ಟರ್ ತಂದಷ್ಟೂ ಈ ತಿನ್ನುವಿಕೆ ಸಾಮಾನ್ಯವಾಗಿ ಹೆಚ್ಚುತ್ತದೆ; ಕೊಳ್ಳುವ ಮೊದಲು ಈ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಿ.

ಒಟ್ಟು ನಾಲ್ಕು ಯೂನಿಟ್ ಎನ್ನೋಣ. ಮೂರು ದಿನ ಮೋಡ ಕವಿದರೂ ನಡೆಯಬೇಕೆಂದರೆ ಹನ್ನೆರಡು ಯೂನಿಟ್ ಕೈಯಲ್ಲಿರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರವರೆಗೆ ಬಳಸಬಹುದು ಎಂದು ಹಿಡಿದರೆ ಹದಿನೈದು ಯೂನಿಟ್ಟಿನ ಬ್ಯಾಟರಿ, ಅಂದರೆ 48 ವೋಲ್ಟಿನಲ್ಲಿ 310 ಆಂಪಿಯರ್ ಅವರ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ ಅದೇ ಕೆಲಸಕ್ಕೆ ಇಪ್ಪತ್ನಾಲ್ಕು ಯೂನಿಟ್ಟಿನದು ಬೇಕಾಗುತ್ತದೆ. ಅದನ್ನು ಪೂರ್ತಿ ಚಾರ್ಜ್ ಮಾಡದೆ ದಿನಗಟ್ಟಲೆ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಮೋಡದ ವಾರಗಳಲ್ಲಿ ಆಗುವುದು ಇದೇ. ಆದ್ದರಿಂದ ಬಜೆಟ್ ಬಿಗಿಯಿದ್ದರೆ ಬ್ಯಾಟರಿಗೆ ಇನ್ನೊಂದು ದಿನ ಸೇರಿಸುವ ಬದಲು ಪ್ಯಾನಲ್ ಹೆಚ್ಚಿಸಿ. ನಾಲ್ಕು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುವ ಜಾಗದಲ್ಲಿ, ನಷ್ಟವನ್ನೆಲ್ಲ ಕಳೆದು ನಾಲ್ಕು ಯೂನಿಟ್ ಪಡೆಯಲು ಒಂದೂವರೆ ಕಿಲೋವ್ಯಾಟ್ ಸಾಕು. ಆದರೂ ಎರಡೂವರೆಯಿಂದ ಮೂರು ಕಿಲೋವ್ಯಾಟ್ ಇದ್ದರೆ ಮಬ್ಬು ದಿನಗಳಲ್ಲೂ ಕೈಗೆ ಸ್ವಲ್ಪ ಹತ್ತುತ್ತದೆ, ಬಿಸಿಲು ಬಂದ ದಿನ ಬ್ಯಾಟರಿ ಬೇಗ ತುಂಬುತ್ತದೆ. ಪ್ಯಾನಲ್ ಕಳೆದುಕೊಳ್ಳುವುದು ವರ್ಷಕ್ಕೆ ಸುಮಾರು ಅರ್ಧ ಶೇಕಡಾ. ಇಡೀ ವ್ಯವಸ್ಥೆಯಲ್ಲಿ ಬಾಳಿಕೆಯ ವಸ್ತು ಅದೊಂದೇ.

ಬಿಸಿ ಮಾಡುವ ಯಾವ ಕೆಲಸವನ್ನೂ ಬ್ಯಾಟರಿಯ ಮೇಲೆ ಹೊರಿಸಬೇಡಿ. ನೂರು ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 2.9 ಯೂನಿಟ್ ಬೇಕು, ಮೇಲಿನ ಇಡೀ ಮನೆಯ ಖರ್ಚಿನ ಮುಕ್ಕಾಲು ಭಾಗಕ್ಕೆ ಹತ್ತಿರ. ಸ್ನಾನದ ನೀರಿಗೆ ಬಿಸಿಲಿನಲ್ಲಿ ನೇರವಾಗಿ ಕಾಯುವ ಸೋಲಾರ್ ಹೀಟರ್, ಅಡುಗೆಗೆ ಸೌದೆ, ಗ್ಯಾಸು ಅಥವಾ ದನಗಳಿದ್ದರೆ ಗೋಬರ್ ಗ್ಯಾಸು ಸರಿ. ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು ಎಂಬುದನ್ನು ಮರೆತು ಕಟ್ಟಿಸಿದವರ ಗುಂಡಿಗಳು ಬರಿದಾಗಿ ಬಿದ್ದಿರುತ್ತವೆ.

ಜಮೀನು ನೋಡುವಾಗ ವರ್ಷಪೂರ್ತಿ ಹರಿಯುವ ಸಣ್ಣ ತೊರೆ ಕಂಡರೆ ಅಲ್ಲೇ ನಿಲ್ಲಿ. ಹತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಐದು ಲೀಟರ್ ಇಳಿದರೆ, ಯಂತ್ರದ ದಕ್ಷತೆ ಅರ್ಧವೇ ಆದರೂ 245 ವ್ಯಾಟ್ ಸಿಗುತ್ತದೆ. ಅಲ್ಪವೆನಿಸಬಹುದು. ಆದರೆ ಅದು ರಾತ್ರಿಯೂ ಮೋಡದಲ್ಲೂ ನಡೆಯುವುದರಿಂದ ದಿನಕ್ಕೆ ಆರು ಯೂನಿಟ್ಟಿಗೆ ಹತ್ತಿರ ಬರುತ್ತದೆ, ಬ್ಯಾಟರಿಯೂ ಚಿಕ್ಕದಾದರೆ ಸಾಕು. ನೀರನ್ನು ತಿರುಗಿಸಿಕೊಳ್ಳಲು ಅನುಮತಿ ಬೇಕೇ ಎಂಬುದನ್ನು ಮಾತ್ರ ಜಮೀನು ಕೊಳ್ಳುವ ಮುನ್ನವೇ ವಿಚಾರಿಸಿ.

ಕೊನೆಗೆ ಸುರಕ್ಷತೆ. ಪ್ಯಾನಲ್ಲಿನಿಂದಲೂ ಬ್ಯಾಟರಿಯಿಂದಲೂ ಬರುವ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ) ವಿದ್ಯುತ್ತಿನ ಕಡೆ ಎಸಿಗೆಂದು (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಿಗೆಂದು) ಮಾಡಿದ ಎಂಸಿಬಿಯನ್ನು, ಅಂದರೆ ಹೊರೆ ಹೆಚ್ಚಾದಾಗ ತಾನಾಗಿ ಕಡಿಯುವ ಸ್ವಿಚ್ಚನ್ನು, ಹಾಕುವುದು ಬೆಂಕಿಯನ್ನು ಕರೆದಂತೆ. ಎಸಿ ವಿದ್ಯುತ್ತು ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚು ತೆರೆದಾಗ ಏಳುವ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಅವಕಾಶವಿಲ್ಲ, ಕಿಡಿ ಹಿಡಿದುಕೊಂಡೇ ಇರುತ್ತದೆ. ಅರ್ಥಿಂಗ್ ಮತ್ತು ಸಿಡಿಲಿನ ರಕ್ಷಣೆಗೆ ಚೌಕಾಸಿ ಬೇಡ.

ಉತ್ತರ: ಹಿತ್ತಿಲು

ಚಕ್ರಬಡ್ಡಿಯವರ ಲೆಕ್ಕವನ್ನು ಬಹುಪಾಲು ಒಪ್ಪುತ್ತೇನೆ, ಒಂದು ಕಡೆ ಒಪ್ಪುವುದಿಲ್ಲ. ಸ್ವಂತ ನೀರು, ಸ್ವಂತ ವಿದ್ಯುತ್ತು, ಸ್ವಂತ ತರಕಾರಿ ಇದ್ದವರ ಖರ್ಚು ಕಡಿಮೆಯಾಗುವುದಷ್ಟೇ ಅಲ್ಲ, ಕೆಟ್ಟ ವರ್ಷದಲ್ಲಿ ಅದನ್ನು ಇನ್ನಷ್ಟು ಕುಗ್ಗಿಸಲೂ ಬರುತ್ತದೆ. ಬಾಡಿಗೆಯನ್ನು ಮುಂದಿನ ವರ್ಷ ಕೊಡುತ್ತೇನೆಂದರೆ ಯಾರೂ ಒಪ್ಪುವುದಿಲ್ಲ. ಮನೆಗೆ ಬಣ್ಣ ಹೊಡೆಸುವುದನ್ನು ಮುಂದೂಡಿದರೆ ಯಾರೂ ಕೇಳುವುದಿಲ್ಲ. ಅವರೇ ಹೇಳಿದ ಶೇ 30ರ ಕುಸಿತದ ವರ್ಷದಲ್ಲಿ 60ರ ಖರ್ಚನ್ನು 45ಕ್ಕೆ ಇಳಿಸಬಲ್ಲವರ ಗಂಟು, ಇಳಿಸಲಾಗದವರದ್ದಕ್ಕಿಂತ ಖಂಡಿತವಾಗಿಯೂ ಹೆಚ್ಚು ಬಾಳುತ್ತದೆ. ಈ ಗುಣ ಶೇ 3.5ರ ಸೂತ್ರದೊಳಗೆ ಕಾಣುವುದಿಲ್ಲ.

ಆದರೆ ನೀರು ಮತ್ತು ಆಹಾರದ ಬಗ್ಗೆ ಪ್ರಶ್ನೆ ಕೇಳಿದವರ ಅಂದಾಜು ಹಗುರವಾಗಿದೆ ಎಂದು ನನಗನಿಸುತ್ತದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಚಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಶೇ 20 ನಷ್ಟ ಎಂದರೆ 64,000 ಲೀಟರ್ ಸಿಗುತ್ತದೆ. ಇಬ್ಬರು ದಿನಕ್ಕೆ ತಲಾ ನೂರು ಲೀಟರ್ ಬಳಸಿದರೆ ವರ್ಷಕ್ಕೆ 73,000 ಬೇಕು. ಸ್ವಲ್ಪ ಹಿಡಿತವಿದ್ದರೆ ಮನೆಬಳಕೆಗೆ ಸಾಲುತ್ತದೆ ಎನ್ನೋಣ. ನಾಲ್ಕು ತಿಂಗಳು ಮಳೆಯಿಲ್ಲದ ಜಾಗವಾದರೆ ಟ್ಯಾಂಕು 24,000 ಲೀಟರಿನದು ಬೇಕು, ಮತ್ತು ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದುಬರುವ ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡುವ ಏರ್ಪಾಡೂ ಬೇಕು.

ತೊಡಕಿರುವುದು ತೋಟದಲ್ಲಿ. ಒಣಗಾಲದಲ್ಲಿ ತರಕಾರಿ ಮಡಿಗೆ ದಿನಕ್ಕೆ ಚದರ ಮೀಟರಿಗೆ ನಾಲ್ಕೈದು ಲೀಟರ್ ಬೇಕಾಗುತ್ತದೆ. 200 ಚದರ ಮೀಟರಿನ ತೋಟವೆಂದರೆ ದಿನಕ್ಕೆ ಸಾವಿರ ಲೀಟರಿನವರೆಗೆ, ಅಂದರೆ ಇಡೀ ಮನೆಯ ಐದು ಪಟ್ಟು. ಚಾವಣಿಯ ನೀರು ಇದಕ್ಕೆ ಯಾವ ಮೂಲೆಗೂ ಸಾಲದು. ಬಾವಿಯೋ ಕೆರೆಯೋ ಕೃಷಿಹೊಂಡವೋ ಇರಲೇಬೇಕು. ಮುಚ್ಚಿಗೆ ಹಾಕುವುದು, ಹನಿ ನೀರಾವರಿ ಮಾಡುವುದು, ಬಚ್ಚಲ ನೀರನ್ನು ಹಣ್ಣಿನ ಗಿಡಗಳಿಗೆ ಬಿಡುವುದು ಎಲ್ಲವೂ ಸಹಾಯ ಮಾಡುತ್ತವೆ. ಹೊಂಡದ ಅಗತ್ಯವನ್ನು ಅವು ತಪ್ಪಿಸುವುದಿಲ್ಲ.

ಇನ್ನು ಊಟ. ಇಬ್ಬರು ವಯಸ್ಕರಿಗೆ ದಿನಕ್ಕೆ ತಲಾ 2200 ಕಿಲೊಕ್ಯಾಲೊರಿ ಎಂದರೆ ವರ್ಷಕ್ಕೆ ಹದಿನಾರು ಲಕ್ಷ. ನೂರು ಗ್ರಾಂ ಸೊಪ್ಪಿನಲ್ಲಿ ಇರುವುದು 25ರ ಆಸುಪಾಸು, ನೂರು ಗ್ರಾಂ ಧಾನ್ಯದಲ್ಲಿ 350ರಷ್ಟು. ಹಿತ್ತಿಲಿನಲ್ಲಿ ತರಕಾರಿ ಎಷ್ಟೇ ಸೊಂಪಾಗಿ ಬೆಳೆದರೂ ಹೊಟ್ಟೆ ತುಂಬಿಸುವುದು ಧಾನ್ಯ, ಕಾಳು, ಗೆಡ್ಡೆ ಮತ್ತು ಎಣ್ಣೆ. ಇವಕ್ಕೆ ಬೇಕಾಗುವ ನೆಲ, ಒಕ್ಕಣೆ, ಒಣಗಿಸುವಿಕೆ, ಹುಳು ಹಿಡಿಯದಂತೆ ಕಾಪಾಡುವ ಕೆಲಸ ಬೇರೆಯೇ ಮಟ್ಟದ್ದು. ನಾನು ತರಕಾರಿ, ಹಣ್ಣು, ಮೊಟ್ಟೆಗಳಿಗೆ ನಿಲ್ಲಿಸಿ ಧಾನ್ಯವನ್ನೂ ಎಣ್ಣೆಯನ್ನೂ ಕೊಳ್ಳುತ್ತೇನೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಕೆಡುವ ಪದಾರ್ಥವನ್ನು ಬೆಳೆದುಕೊಂಡು ಕೆಡದ ಪದಾರ್ಥವನ್ನು ಮೂಟೆಯಲ್ಲಿ ತರುವುದು ದೂರದಲ್ಲಿರುವವರಿಗೆ ಹೆಚ್ಚು ಒಗ್ಗುತ್ತದೆ.

ದೇಹದ ವಿಚಾರ ಯಾರೂ ಎತ್ತಲಿಲ್ಲ. ನಲವತ್ತರಲ್ಲಿ ಏಣಿ ಹತ್ತಿ ಪ್ಯಾನಲ್ ಒರೆಸುವವರು ಎಪ್ಪತ್ತರಲ್ಲಿ ಹತ್ತಬಾರದು. ಪ್ಯಾನಲ್ಲುಗಳನ್ನು ನೆಲದ ಮೇಲಿನ ಸ್ಟ್ಯಾಂಡಿನಲ್ಲಿ ಕೂರಿಸಿ, ಟ್ಯಾಂಕನ್ನು ದಿಬ್ಬದ ಮೇಲಿಟ್ಟು ನೀರು ತಾನಾಗಿ ಇಳಿಯುವಂತೆ ಮಾಡಿ. ನಿಮ್ಮ ಪತ್ನಿಗೂ ಇಡೀ ವ್ಯವಸ್ಥೆಯನ್ನು ಆರಿಸುವುದು, ಹಚ್ಚುವುದು ತಿಳಿದಿರಲಿ. ಒಬ್ಬರಿಗೆ ಮಾತ್ರ ಗೊತ್ತಿರುವ ಮನೆಯಲ್ಲಿ ಆ ಒಬ್ಬರು ಜ್ವರ ಬಂದು ಮಲಗಿದರೆ ಇನ್ನೊಬ್ಬರು ಕತ್ತಲಲ್ಲಿರುತ್ತಾರೆ.

ಮರುಪ್ರಶ್ನೆ: ದುಡಿಮೆಗಾರ

ಮೂವರಿಗೂ ಕೃತಜ್ಞತೆಗಳು. 40ರಲ್ಲಿ ಆರೋಗ್ಯವಿಮೆ ಇರಲಿಲ್ಲ. ಸೇರಿಸಿದ ಮೇಲೆ ಚಕ್ರಬಡ್ಡಿಯವರು ಹೇಳಿದ 60 ಕೂಡ 65ಕ್ಕೆ ಏರುತ್ತದೆ. ಇದನ್ನೆಲ್ಲ ಓದಿದ ನನ್ನ ಪತ್ನಿಯ ಅಭಿಪ್ರಾಯವೆಂದರೆ, ಹನ್ನೆರಡರಿಂದ ಹದಿನೈದು ವರ್ಷ ಕಾಯಲೇಬೇಕೆಂದಾದರೆ ಆ ಬದುಕಿನ ಒಂದು ಭಾಗವನ್ನಾದರೂ ಈಗಲೇ ನಡೆಸಬಾರದೇಕೆ ಎಂಬುದು. ಹಾಗಾಗಿ ಜಮೀನನ್ನು ನಾಲ್ಕೈದು ವರ್ಷಗಳೊಳಗೆ ಕೊಂಡು, ವಾರಾಂತ್ಯಗಳಲ್ಲಿ ಗಿಡ ನೆಡುತ್ತ, ಮನೆ ಮತ್ತು ವಿದ್ಯುತ್ ವ್ಯವಸ್ಥೆಯನ್ನು ಹಂತಹಂತವಾಗಿ ಕಟ್ಟಿಕೊಂಡರೆ ಹೇಗೆ? ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಮಾಡಬೇಕು?

ಉತ್ತರ: ಚಕ್ರಬಡ್ಡಿ

ಅವರ ಮಾತಿನಲ್ಲಿ ಹುರುಳಿದೆ. ತಡವಾಗುವ ಒಂದೆರಡು ವರ್ಷವನ್ನು ಆ ಖುಷಿಯ ಬೆಲೆಯೆಂದು ತಿಳಿದುಕೊಂಡರೆ ಲೆಕ್ಕದಲ್ಲಿ ಯಾವ ದೋಷವೂ ಇಲ್ಲ. ಎರಡು ಷರತ್ತು ಹಾಕಿಕೊಳ್ಳಿ. ಸಾಲ ಮಾಡಿ ಕೊಳ್ಳಬೇಡಿ, ಮತ್ತು ಜಮೀನಿಗೆ ಸುರಿಯುವ ಹಣ ಯಾವ ವರ್ಷವೂ ಆ ವರ್ಷದ ಉಳಿತಾಯದ ಅರ್ಧ ದಾಟದಿರಲಿ. ಹಾಗೆ ಮಾಡಿದರೆ ಕೊಳ್ಳುವ ಮುಹೂರ್ತ ಸ್ವಲ್ಪ ಮುಂದಕ್ಕೆ ಹೋದೀತು, ಆದರೆ ಇಡುಗಂಟಿನ ಬೆಳವಣಿಗೆ ಎಂದೂ ನಿಲ್ಲುವುದಿಲ್ಲ. ಕೊಳ್ಳುವುದಕ್ಕೆ ಮೊದಲು ಅದೇ ಸೀಮೆಯಲ್ಲಿ ಒಂದು ಬೇಸಿಗೆಯನ್ನು ಬಾಡಿಗೆ ಮನೆಯಲ್ಲಿ ಕಳೆದು ನೋಡಿ. ಮಳೆಗಾಲದಲ್ಲಿ ಎಲ್ಲ ಜಮೀನುಗಳೂ ಚೆನ್ನಾಗಿಯೇ ಕಾಣುತ್ತವೆ.

ಉತ್ತರ: ವ್ಯಾಟ್‌ಲೆಕ್ಕ

ಕ್ರಮದ ಬಗ್ಗೆ: ಮೊದಲು ನೀರು, ಆಮೇಲೆ ಬೇಲಿ ಮತ್ತು ಹಣ್ಣಿನ ಗಿಡಗಳು, ಆಮೇಲೆ ಮನೆ. ಗಿಡ ಫಲಕ್ಕೆ ಬರಲು ವರ್ಷಗಳು ಬೇಕಾದ್ದರಿಂದ ಅದನ್ನು ಮನೆಗಿಂತ ಮುಂಚೆ ನೆಡಬೇಕು. ವಿದ್ಯುತ್ ವ್ಯವಸ್ಥೆಯಲ್ಲಿ ವೈರಿಂಗು, ಅರ್ಥಿಂಗು, ಸ್ಟ್ಯಾಂಡುಗಳನ್ನು ಮುಂದಿನ ಪೂರ್ತಿ ಹೊರೆಗೆ ತಕ್ಕಂತೆ ಒಮ್ಮೆಗೇ ಮಾಡಿಸಿ. ಪ್ಯಾನಲ್ಲುಗಳನ್ನು ಬೇಕಾದಂತೆ ಸೇರಿಸುತ್ತ ಹೋಗಿ. ವಾರಾಂತ್ಯದ ಬಳಕೆಗೆ ಪಂಪನ್ನು ಬಿಸಿಲಿದ್ದಾಗ ಪ್ಯಾನಲ್ಲಿನಿಂದಲೇ ನಡೆಸಿ ಟ್ಯಾಂಕು ತುಂಬಿಸಿಕೊಳ್ಳಬಹುದು, ಅದಕ್ಕೆ ಬ್ಯಾಟರಿಯೇ ಬೇಕಿಲ್ಲ. ರಾತ್ರಿಯ ದೀಪಕ್ಕೆ ಸಣ್ಣದೊಂದು ಸಾಕು. ದೊಡ್ಡ ಬ್ಯಾಟರಿಯನ್ನು ಅಲ್ಲಿ ಶಾಶ್ವತವಾಗಿ ನೆಲೆಸುವ ತಿಂಗಳಿನವರೆಗೂ ಕೊಳ್ಳಬೇಡಿ. ಅದು ಬಳಸದೆ ಇಟ್ಟರೂ ಮುಪ್ಪಾಗುತ್ತದೆ, ಕೊಂಡ ಹಳೆಯ ಬ್ಯಾಟರಿಗೆ ಕೆಲವು ವರ್ಷ ಬಿಟ್ಟು ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.